ಅಜ್ಜಿಯ ಚಪ್ಪಲಿಯೊಳಗಿದ್ದ ತಾರೀಕು

ಆ ಭಾನುವಾರ ಬೆಳಿಗ್ಗೆ ನಾನು ವೆಲ್ಡಿಂಗ್ ಅಂಗಡಿಯ ಶಟರ್ ಎತ್ತುವಷ್ಟರಲ್ಲಿ, ಇಬ್ಬರು ಆಳುಗಳು ನಮ್ಮ ಬೀದಿಯ ಮೆಟ್ಟಿಲ ಮೇಲೆ ಕುಕ್ಕರುಗಾಲಲ್ಲಿ ಕೂತು ಕಂಬಿಗೆ ಕೆಂಪು ಬಣ್ಣದಲ್ಲಿ ನಂಬರು ಬರೆಯುತ್ತಿದ್ದರು.

ನಮ್ಮ ಬೀದಿ ದಿಬ್ಬದ ಮೇಲಿದೆ. ಕೆಳಗಿನ ದೊಡ್ಡ ರಸ್ತೆಗೆ ಇಳಿಯಲು ಅರವತ್ತೆಂಟು ಮೆಟ್ಟಿಲು. ಪಕ್ಕದಲ್ಲಿ ಕೈ ಹಿಡಿದು ಇಳಿಯಲು ಕಬ್ಬಿಣದ ಕಂಬಿ. ಅದನ್ನು ಬೆಸೆದವನು ನಮ್ಮಪ್ಪ. ಅಪ್ಪ ಹೋಗಿ ಹನ್ನೊಂದು ವರ್ಷವಾಯಿತು, ಕಂಬಿಯ ಒಂದು ಬೆಸುಗೆಯೂ ಬಿಟ್ಟಿಲ್ಲ. ನಮ್ಮಜ್ಜಿ ದಿನ ಬಿಟ್ಟು ದಿನ ಅದನ್ನೇ ಹಿಡಿದು ಕೆಳಗಿನ ಆಸ್ಪತ್ರೆಗೆ ಹೋಗಿ ಕಾಲಿನ ಗಾಯಕ್ಕೆ ಪಟ್ಟಿ ಕಟ್ಟಿಸಿಕೊಂಡು ಬರುತ್ತಾಳೆ. ಮೆಟ್ಟಿಲು ಬಿಟ್ಟರೆ ದಿಬ್ಬ ಸುತ್ತಿಕೊಂಡು ಎರಡು ಮೈಲಿ ನಡೆಯಬೇಕು. ಅಜ್ಜಿಯ ಕಾಲಿಗೆ ಅದು ಆಗದ ಮಾತು.

"ಏನ್ರೀ ಇದು? ಯಾರನ್ನ ಕೇಳಿ ಬರೀತಿದ್ದೀರ?" ಎಂದೆ.

"ನಮ್ಮ ಮೇಲೆ ಯಾಕಪ್ಪಾ ರೇಗ್ತೀಯ? ಈ ದಾರಿ ಮುಚ್ತಾರಂತೆ. ಕಂಬಿ ಕಿತ್ತು ಅಡ್ಡ ಗೋಡೆ ಕಟ್ತಾರೆ. ಮೊದಲೇ ಗುರುತು ಹಾಕಿ ಅಂದ್ರು, ಹಾಕ್ತಿದ್ದೀವಿ."

"ನಮಗೆ ಯಾರು ಹೇಳಿದ್ರು?"

"ನಿಮ್ಮ ವಾರ್ಡಿನ ಮೆಂಬರಮ್ಮನೇ ತಿಂಗಳ ಪತ್ರದಲ್ಲಿ ಹಾಕಿದ್ರಂತಲ್ಲ. ಬೇಡ ಅನ್ನೋರು ಮೀಟಿಂಗಿಗೆ ಬನ್ನಿ ಅಂತಾನೂ ಇತ್ತಂತೆ."

"ಯಾವತ್ತು ಮೀಟಿಂಗು?"

"ಅದು ನಮಗೆ ಹೇಗೆ ಗೊತ್ತಾಗತ್ತೆ? ಪತ್ರ ಬಂದಿದ್ದು ನಿಮ್ಮನೆಗೆ."

ನನಗೆ ಸಿಟ್ಟು ಬೇಗ. ಬೀದಿಯವರು ಸುಮ್ಮನೆ ನನ್ನನ್ನು 'ಕಿಡಿ' ಎಂದು ಕರೆಯುವುದಿಲ್ಲ. ಆದರೆ ಅವರು ಹೇಳಿದ್ದು ನಿಜ. ಪತ್ರ ಬಂದಿತ್ತು. ಪ್ರತಿ ತಿಂಗಳೂ ಬರುತ್ತದೆ. ಅಗಲವಾದ ದಪ್ಪ ಹಾಳೆ, ಒಂದು ಕಡೆ ಅಚ್ಚು, ಇನ್ನೊಂದು ಕಡೆ ಖಾಲಿ. ನಾನು ಮೇಲಿದ್ದ ಮೆಂಬರಮ್ಮನ ಫೋಟೋ ನೋಡಿ, "ಮತ್ತೆ ಬಂದಳಪ್ಪ ನಗ್ತಾ" ಎಂದು ಅಮ್ಮನ ಹೊಲಿಗೆ ಮಿಷನ್ನಿನ ಮೇಲೆ ಎಸೆಯುತ್ತಿದ್ದೆ.

ಮನೆಗೆ ಓಡಿದೆ. ಅಮ್ಮ ಶಾಲೆ ಮಕ್ಕಳ ಅಂಗಿ ಹೊಲಿಯುತ್ತಾಳೆ. ಬೀದಿಯ ಹನ್ನೊಂದು ಹುಡುಗಿಯರಿಗೆ ಹೊಲಿಗೆ ಕಲಿಸುತ್ತಾಳೆ.

"ಅಮ್ಮಾ, ಈ ತಿಂಗಳ ಪತ್ರ ಎಲ್ಲಿ?"

"ಯಾವುದು? ಆರನೇ ನಂಬರ್ ಅಂಗಿದಾ?" ಎಂದಳು ಅಮ್ಮ.

ಆಗ ನನಗೆ ಎಲ್ಲ ಹೊಳೆಯಿತು. ಬಟ್ಟೆಯ ಮೇಲಿಟ್ಟು ಅಳತೆ ಗುರುತು ಮಾಡಲು ಅಮ್ಮನಿಗೆ ಗಟ್ಟಿ ಕಾಗದ ಬೇಕು. ಕಲಿಯುವ ಹುಡುಗಿಯರಿಗೂ ಒಂದೊಂದು ಬೇಕು. ಅದಕ್ಕೆ ಒಬ್ಬೊಬ್ಬಳೂ ತಮ್ಮ ಮನೆಗೆ ಬಂದ ಪತ್ರವನ್ನು ತಂದು ಕೊಡುತ್ತಿದ್ದಳು. ಹನ್ನೆರಡು ಹಾಳೆ ಒಂದರ ಮೇಲೊಂದು ಇಟ್ಟು, ಅಮ್ಮ ದೊಡ್ಡ ಕತ್ತರಿಯಲ್ಲಿ ಒಂದೇ ಏಟಿಗೆ ತೋಳು, ಬೆನ್ನು, ಕಾಲರ್ ಕತ್ತರಿಸುತ್ತಿದ್ದಳು. ಇಡೀ ಬೀದಿಯ ಸುದ್ದಿ ಒಂದೇ ಜಾಗದಲ್ಲಿ ಎರಡು ತುಂಡಾಗುತ್ತಿತ್ತು.

"ಒಬ್ಬರ ಮನೇಲೂ ಇಡೀ ಪತ್ರ ಇಲ್ವಾ?"

"ಎಲ್ಲಾ ಇಲ್ಲೇ ಇದಾವಲ್ಲೋ. ಅಂಗಿ ಆಗಿ."

ಅಷ್ಟು ಹೊತ್ತಿಗೆ ಪೋಸ್ಟ್ ದೊಡ್ಡಮ್ಮ ಬಾಗಿಲಿಗೆ ಬಂದಳು. ಮೂವತ್ತು ವರ್ಷ ಈ ದಿಬ್ಬದ ಮನೆಮನೆಗೆ ಟಪಾಲು ಹಂಚಿ ನಿವೃತ್ತಳಾದವಳು. ಮಗಳ ಬಾಣಂತನಕ್ಕೆಂದು ಎರಡು ತಿಂಗಳು ಹೋಗಿದ್ದಳು, ಹಿಂದಿನ ದಿನವಷ್ಟೇ ವಾಪಸಾಗಿದ್ದಳು.

"ಕಂಬಿಗೆ ಯಾಕೋ ಕೆಂಪು ಬಳಿದಿದ್ದಾರೆ? ಮೀಟಿಂಗಲ್ಲಿ ನೀವು ಯಾರೂ ಬಾಯಿ ಬಿಡ್ಲಿಲ್ವಾ?"

"ಯಾವ ಮೀಟಿಂಗು ದೊಡ್ಡಮ್ಮಾ! ಆ ಪತ್ರ ಯಾರು ಓದ್ತಾರೆ? ಫೋಟೋ ಹಾಕ್ಕೊಳ್ಳೋಕೆ ಮಾಡ್ಕೊಂಡಿರೋದು ಅದು. ನಮ್ಮಂಥೋರು ಹೇಳಿದ್ರೆ ಕೇಳ್ತಾರಾ?"

"ನೀನು ಯಾವತ್ತು ಹೇಳಿದ್ದೆ?"

ನಾನು ಮಿಷನ್ನಿನ ಮೇಲಿದ್ದ ಕಾಗದದ ತೋಳೊಂದನ್ನು ಎತ್ತಿ ತಿರುಗಿಸತೊಡಗಿದೆ.

"ಹೇಳದೇನೇ ಕೇಳಲಿಲ್ಲ ಅಂತ ಬೈತೀಯಲ್ಲ, ಚೆನ್ನಾಗಿದೆ ನಿನ್ನ ನ್ಯಾಯ. ತಗೋ, ಜೋಡಿಸು."

ನೆಲದ ಮೇಲೆ ಕೂತು ನಾವು ಮೂವರೂ ಆರನೇ ನಂಬರಿನ ಅಂಗಿಯನ್ನು ಮತ್ತೆ ಹಾಳೆ ಮಾಡತೊಡಗಿದೆವು. ಕಾಲರಿನ ಮೇಲೆ, 'ಹನ್ನೆರಡನೇ ತಾರೀಕು ಮಂಗಳವಾರ ನೀರು ಬರುವುದಿಲ್ಲ' ಎಂದಿತ್ತು. ಆ ಮಂಗಳವಾರ ನಾನು ಖಾಲಿ ನಲ್ಲಿಯ ಮುಂದೆ ನಿಂತು ನಗರಸಭೆಯ ವಂಶವನ್ನೆಲ್ಲ ಜಾಲಾಡಿದ್ದೆ. ಜೇಬಿನ ಮೇಲೆ ಉಚಿತ ಕಣ್ಣು ಪರೀಕ್ಷೆಯ ಸುದ್ದಿ. ಅದು ಮುಗಿದು ಎಂಟು ದಿನವಾಗಿತ್ತು. ಸೂಜಿಗೆ ದಾರ ಪೋಣಿಸಲು ದಿನಾ ಹುಡುಗಿಯರನ್ನು ಕರೆಯುವ ಅಮ್ಮ ಅದನ್ನು ದೂರ ಹಿಡಿದು ಓದಿ ಪಕ್ಕಕ್ಕಿಟ್ಟಳು.

ಬೆನ್ನಿನ ಮೇಲೆ ನಮ್ಮ ಸುದ್ದಿ ಸಿಕ್ಕಿತು. 'ಮೂರನೇ ಬೀದಿಯ ಮೆಟ್ಟಿಲ ದಾರಿಯನ್ನು ಯಾರೂ ಬಳಸುತ್ತಿಲ್ಲವೆಂದು ಎಂಜಿನಿಯರರ ವರದಿ ಬಂದಿದೆ. ದಾರಿ ಮುಚ್ಚುವ ಯೋಚನೆಯಿದೆ. ಬಳಸುವವರಿದ್ದರೆ ದಯವಿಟ್ಟು ಬಂದು ಹೇಳಿ, ಇಲ್ಲವೇ ಬರೆದು ಕೊಡಿ. ಸಭೆ...' ಅಲ್ಲಿಗೆ ಕತ್ತರಿ ಬಿದ್ದಿತ್ತು. ತೋಳಿನ ಮೇಲೆ '...ಶಾಲೆಯ ಸಭಾಂಗಣದಲ್ಲಿ' ಎಂದು ಮುಂದುವರಿದಿತ್ತು. ನಡುವೆ ಕಂಕುಳಿನ ಸುತ್ತು. ಆ ಅರ್ಧಚಂದ್ರದ ಚೂರೇ ಇರಲಿಲ್ಲ.

"ತಾರೀಕು ಕಂಕುಳಲ್ಲಿ ಹೋಯ್ತು. ಚೂರುಗಳನ್ನೆಲ್ಲ ಏನು ಮಾಡ್ತೀಯೇ?" ಎಂದಳು ದೊಡ್ಡಮ್ಮ.

"ಗುಡಿಸಿ ಹಾಕ್ತೀನಿ ಅಕ್ಕಾ. ನಾಳೆ ಆಫೀಸು ತೆಗೆದ ಮೇಲೆ ಇವನು ಹೋಗಿ ನೋಡಲಿ, ಬೋರ್ಡಿನ ಮೇಲೆ ಅಂಟಿಸಿರ್ತಾರೆ."

ಅಜ್ಜಿ ಒಳಗಿನಿಂದಲೇ ಕೂಗಿದಳು. "ಎಲ್ಲಾ ಎಲ್ಲಿ ಗುಡಿಸ್ತೀಯೇ? ಒಂದೆರಡು ನಾನು ಇಟ್ಕೊಂಡಿದ್ದೀನಲ್ಲ, ಚಪ್ಪಲಿಗೆ."

ಗಾಯವಾದ ಮೇಲೆ ಅಜ್ಜಿಯ ಕಾಲು ಬಡಕಲಾಗಿ ಚಪ್ಪಲಿ ಜಾರುತ್ತಿತ್ತು. ಮೆತ್ತಗಿರಲೆಂದು ಒಳಗೆ ಕಾಗದ ಮಡಿಸಿ ಇಟ್ಟುಕೊಂಡಿದ್ದಳು. ನಾನು ಬಲಗಾಲಿನ ಚಪ್ಪಲಿಯಿಂದ ಅದನ್ನು ಎಳೆದು ಬಿಡಿಸಿದೆ. ಹಿಮ್ಮಡಿಯ ಬೆವರಿಗೆ ಅಕ್ಷರ ಮಾಸಿದ್ದರೂ ಓದಲು ಬರುತ್ತಿತ್ತು. '24ನೇ ತಾರೀಕು, ಭಾನುವಾರ ಸಂಜೆ ನಾಲ್ಕಕ್ಕೆ.'

ಅಂದರೆ ಅವತ್ತೇ.

ಅಜ್ಜಿ ಹದಿನೈದು ದಿನದಿಂದ ಆ ತಾರೀಕನ್ನು ತುಳಿದುಕೊಂಡೇ ಅದೇ ಮೆಟ್ಟಿಲು ಹತ್ತಿ ಇಳಿಯುತ್ತಿದ್ದಳು.

"ಸರಿ, ನಡೀರಿ. ಇವತ್ತು ಅವರಿಗೆ ಮಾಡ್ತೀನಿ," ಎಂದು ಎದ್ದೆ.

"ಕೂತ್ಕೋ," ಎಂದಳು ದೊಡ್ಡಮ್ಮ. "ನೀನು ಹೋಗಿ ಕಿರುಚಾಡಿದ್ರೆ 'ಯಾರೋ ಬಂದು ಗಲಾಟೆ ಮಾಡಿದ' ಅಂತ ಬರ್ಕೊಳ್ತಾರೆ. ನಿಮ್ಮಪ್ಪ ಹಾಗೆ ಮಾಡ್ತಿರಲಿಲ್ಲ."

ಅಪ್ಪನ ಹೆಸರು ಬಂದದ್ದೇ ಅಮ್ಮ ಎದ್ದು, ಮಿಷನ್ನಿನ ಕೆಳಗಿನ ಟ್ರಂಕಿನಿಂದ ಲಾಡಿ ಸುತ್ತಿದ ಒಂದು ಕಟ್ಟು ತಂದಳು. ಹಳೇ ಪತ್ರಗಳು. ಒಂದಕ್ಕೂ ಕತ್ತರಿ ಸೋಕಿರಲಿಲ್ಲ. ನಾನು ಆ ಕಟ್ಟನ್ನು ನೋಡಿದ್ದು ಅವತ್ತೇ ಮೊದಲು, ಆದರೆ ಹಾಳೆಗಳ ಗುರುತು ಹತ್ತಿತು. ಅಂಚಿನಲ್ಲೆಲ್ಲ ಕಪ್ಪು ಹೆಬ್ಬೆಟ್ಟಿನ ಕಲೆ. ಅಪ್ಪ ಎಷ್ಟು ಸೋಪು ಉಜ್ಜಿದರೂ ಅವನ ಬೆರಳಿನ ಮಸಿ ಹೋಗುತ್ತಿರಲಿಲ್ಲ.

ತಿಂಗಳ ಮೊದಲ ಭಾನುವಾರ ಅಪ್ಪ ಹತ್ತನೇ ಮೆಟ್ಟಿಲ ಮೇಲೆ ಕೂತು ಪತ್ರ ಓದುತ್ತಿದ್ದ. ಮೇಲೂ ಕೆಳಗೂ ಒಂದೊಂದು ಮೆಟ್ಟಿಲಿಗೆ ಒಂದೊಂದು ಮನೆಯವರು. ನಾನು ಅವನ ಮೊಣಕಾಲಿಗೆ ಒರಗಿಕೊಂಡು ಕೂತಿರುತ್ತಿದ್ದೆ, ಅವನ ಅಂಗಿಗೆ ಸುಟ್ಟ ಕಬ್ಬಿಣದ ವಾಸನೆ. "ಫೋಟೋ ಆಮೇಲೆ ನೋಡ್ರಪ್ಪಾ, ಮೊದಲು ವಿಷಯ ಕೇಳಿ," ಎಂದು ಶುರು ಮಾಡುತ್ತಿದ್ದ. ಚರಂಡಿ ಯಾವತ್ತು ಸ್ವಚ್ಛ, ಲಸಿಕೆ ಯಾವತ್ತು, ಲೈಬ್ರರಿ ಎಷ್ಟು ಗಂಟೆಗೆ, ಎಲ್ಲ ಓದುತ್ತಿದ್ದ. ಯಾರದಾದರೂ ಕುರಿ ಕಳೆದ ಸುದ್ದಿಯಿದ್ದರೆ ಅದನ್ನು ಅಳುವ ದನಿಯಲ್ಲಿ ಓದಿ ಎಲ್ಲರನ್ನೂ ನಗಿಸುತ್ತಿದ್ದ. ಕೊನೆಗೆ, "ಯಾರು ಹೋಗ್ತೀರಿ?" ಎಂದು ಕೇಳುತ್ತಿದ್ದ. ಯಾರಾದರೂ ಒಬ್ಬರು ಕೈ ಎತ್ತುವವರೆಗೂ ಹಾಳೆ ಮಡಿಸುತ್ತಿರಲಿಲ್ಲ.

ಅವನು ತೀರಿಕೊಂಡ ತಿಂಗಳೂ ಪತ್ರ ಬಂತು. ಅದನ್ನು ಕೈಗೆತ್ತಿಕೊಳ್ಳುವವರು ಯಾರೂ ಇರಲಿಲ್ಲ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ನಾನು ಅಂಗಡಿಗೆ ಹೋದೆ. ಅಮ್ಮ ಕತ್ತರಿ ತೆಗೆದುಕೊಂಡಳು.

"ಅದನ್ನ ಹಾಗೇ ನೋಡ್ತಾ ಕೂರೋಕೆ ಆಗ್ಲಿಲ್ಲ ಕಣೋ," ಎಂದಳು ಅಮ್ಮ, ನನ್ನ ಮುಖ ನೋಡದೆ. "ಏನಾದ್ರೂ ಒಂದು ಕೆಲಸಕ್ಕೆ ಬರಲಿ ಅಂತ..."

ದೊಡ್ಡಮ್ಮ ಒಂದು ಹಾಳೆ ಎಳೆದು ನನ್ನ ಮುಂದಿಟ್ಟಳು. ಹದಿನಾರು ವರ್ಷ ಹಿಂದಿನದು. 'ಮೆಟ್ಟಿಲ ದಾರಿಗೆ ಕಂಬಿ ಬೇಕೆಂದು ಮೂರನೇ ಬೀದಿಯ ಅಜ್ಜಿಯೊಬ್ಬರು ಸಭೆಯಲ್ಲಿ ಕೇಳಿದರು. ಒಪ್ಪಲಾಗಿದೆ. ಅವರ ಮಗನೇ ಕೆಲಸ ವಹಿಸಿಕೊಂಡಿದ್ದಾರೆ.'

"ಅಜ್ಜೀ, ನೀನಾ?"

"ಮತ್ತೆ? ನಾನು ಕೇಳಿದ್ದಕ್ಕೇ ಬಂದಿದ್ದು. ನಿಮ್ಮಪ್ಪ ಬೆಸೆದ, ಅಷ್ಟೇ. ಎಲ್ಲರೂ ಅವನನ್ನೇ ಹೊಗಳಿದ್ರು, ನನ್ನ ಒಬ್ಬರೂ ಕೇಳಲಿಲ್ಲ," ಎಂದು ಅಜ್ಜಿ ಮೂತಿ ತಿರುವಿದಳು.

"ಈಗ ಬರಿ. ಈ ದಾರಿ ನಿಮಗೆ ಯಾಕೆ ಬೇಕು, ಅಷ್ಟು ಬರಿ ಸಾಕು," ಎಂದಳು ದೊಡ್ಡಮ್ಮ.

"ನಾನು ಬರೆದ್ರೆ ನಗ್ತಾರೆ. ಕಾಗುಣಿತ ನೆಟ್ಟಗಿಲ್ಲ."

"ನಗಲಿ. ಕಂಬಿ ಉಳಿಯತ್ತಲ್ಲ."

ಮನೆಯಲ್ಲಿ ಬಿಳೀ ಕಾಗದವಿರಲಿಲ್ಲ. ಅಮ್ಮ ಆರನೇ ನಂಬರಿನ ತೋಳೊಂದನ್ನು ಮಗುಚಿ ಖಾಲಿ ಬದಿ ಮೇಲೆ ಮಾಡಿ ಕೊಟ್ಟಳು. 'ನಮ್ಮಜ್ಜಿ ದಿನ ಬಿಟ್ಟು ದಿನ ಈ ಮೆಟ್ಟಿಲು ಇಳಿಯುತ್ತಾಳೆ. ದಾರಿ ಮುಚ್ಚಿದರೆ ಅವಳ ಕಾಲು ವಾಸಿಯಾಗುವುದಿಲ್ಲ' ಎಂದು ಬರೆದೆ. ಉಳಿದ ಹನ್ನೊಂದು ತೋಳು ಹಿಡಿದು ಹನ್ನೊಂದು ಮನೆಗೆ ಹೋದೆವು. ಬೇಕರಿಯವನು ನಸುಕಿನಲ್ಲಿ ಬ್ರೆಡ್ಡಿನ ಟ್ರೇ ಹೊತ್ತು ಇಳಿಯುವುದನ್ನು ಬರೆದ. ಬಸ್ ಕಂಡಕ್ಟರನ ಹೆಂಡತಿ ಬಸುರಿ, ಆಸ್ಪತ್ರೆ ಕೆಳಗಿದೆ ಎಂದು ಬರೆದಳು. ಬರೆಯಲು ಬಾರದವರು ಹೇಳಿದರು, ಹುಡುಗಿಯರು ಬರೆದರು.

ನಾಲ್ಕಕ್ಕೆ ಐದು ನಿಮಿಷವಿರುವಾಗ ಅಜ್ಜಿಯ ಕೈ ಹಿಡಿದು ಸಭಾಂಗಣಕ್ಕೆ ಹೋದೆವು. ಐವತ್ತು ಕುರ್ಚಿ ಹಾಕಿದ್ದರು. ಕೂತಿದ್ದವರು ಏಳು ಜನ. ಮೆಂಬರಮ್ಮ ಫೋಟೋದಲ್ಲಿ ನಗುತ್ತಿದ್ದಷ್ಟು ನಗುತ್ತಿರಲಿಲ್ಲ. ಸುಸ್ತಾದ ಹೆಂಗಸು, ಮುಂದೆ ಒಂದು ಕಡತ.

"ಮೂರನೇ ಬೀದಿಯ ಮೆಟ್ಟಿಲು. ಯಾರದಾದ್ರೂ ಅಭಿಪ್ರಾಯ ಇದೆಯಾ?" ಎಂದು ಕೇಳಿ, ಉತ್ತರ ಬರುವುದಿಲ್ಲವೆಂದು ಗೊತ್ತಿದ್ದವರ ಹಾಗೆ ಪೆನ್ನು ಎತ್ತಿದರು.

"ಇದೆ," ಎಂದೆ. ನನ್ನ ದನಿ ನನಗೇ ಜೋರಾಯಿತು. ದೊಡ್ಡಮ್ಮ ಮೆಲ್ಲನೆ ಕಾಲು ತುಳಿದಳು. ನಾನು ಮುಂದೆ ಹೋಗಿ ಹನ್ನೆರಡು ತೋಳುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟೆ.

"ಇದೇನಪ್ಪಾ ಇದು?"

"ಹನ್ನೆರಡು ಮನೆ ಅರ್ಜಿ, ಮೇಡಂ."

ಅವರು ಒಂದೊಂದನ್ನೇ ಓದಿದರು. ಒಂದನ್ನು ತಿರುಗಿಸಿ ಹಿಂದೆ ನೋಡಿದರು. ಅಲ್ಲಿ ಅವರದೇ ಅರ್ಧ ಸಾಲು ಇತ್ತು. ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು.

"ಮೂರು ವರ್ಷದಿಂದ ಬರೀತಿದ್ದೀನಿ," ಎಂದರು. "ಉತ್ತರ ಅಂತ ಬಂದಿದ್ದು ಇವತ್ತೇ."

ನನ್ನ ಸಿಟ್ಟಿಗೆ ಕೂರಲು ಜಾಗವೇ ಸಿಗಲಿಲ್ಲ.

ಅಜ್ಜಿ ಮಾತ್ರ ಬಿಡಲಿಲ್ಲ. "ಯಾರೂ ಬಳಸಲ್ಲ ಅಂತ ಬರೆದನಲ್ಲ ಆ ಎಂಜಿನಿಯರು, ಅವನು ಬಂದಿದ್ದು ಎಷ್ಟು ಗಂಟೆಗೆ?"

ಪಕ್ಕದಲ್ಲಿದ್ದ ಎಂಜಿನಿಯರು ಕಡತ ನೋಡಿ, "ಮಧ್ಯಾಹ್ನ ಎರಡಕ್ಕೆ, ಅಜ್ಜಿ," ಎಂದ.

"ಆ ಬಿಸಿಲಲ್ಲಿ ಮೆಟ್ಟಿಲು ಹತ್ತೋಕೆ ನನಗೇನು ಹುಚ್ಚಾ?"

ಇಡೀ ಸಭೆ ನಕ್ಕಿತು. ಏಳು ಜನರ ಜೊತೆ ನಾವೂ, ಅಷ್ಟರಲ್ಲಿ ಬಂದು ಕೂತ ನಮ್ಮ ಬೀದಿಯವರೂ ಸೇರಿ ಈಗ ಮೂವತ್ತು ಜನರಿದ್ದೆವು.

ಮುಂದಿನ ತಿಂಗಳ ಪತ್ರ ಬಂದಾಗ ನಾನೇ ಹತ್ತನೇ ಮೆಟ್ಟಿಲ ಮೇಲೆ ಕೂತೆ. 'ಮೂರನೇ ಬೀದಿಯ ಮೆಟ್ಟಿಲ ದಾರಿ ಮುಚ್ಚುವುದಿಲ್ಲ. ಒಡೆದ ಒಂಬತ್ತು ಮೆಟ್ಟಿಲು ರಿಪೇರಿಯಾಗಲಿದೆ' ಎಂದು ಓದಿದೆ. 'ರಿಪೇರಿ'ಯನ್ನು ಎರಡು ಸಲ ಓದಬೇಕಾಯಿತು.

"ನಿಮ್ಮಪ್ಪ ಇಷ್ಟು ತಡವರಿಸ್ತಿರಲಿಲ್ಲ," ಎಂದಳು ಅಜ್ಜಿ.

"ಓದಲಿ ಬಿಡಿ ಅತ್ತೇ," ಎಂದಳು ಅಮ್ಮ. ಅವಳ ಮಡಿಲಲ್ಲಿ ಕತ್ತರಿ ಇತ್ತು. ಓದಿ ಮುಗಿಯುವವರೆಗೂ ಅವಳು ಅದನ್ನು ತೆರೆಯಲಿಲ್ಲ. ಕೊನೆಯಲ್ಲಿ, "ಹದಿನೆಂಟಕ್ಕೆ ಮತ್ತೆ ಕಣ್ಣು ಪರೀಕ್ಷೆ ಇದೆ. ಯಾರು ಹೋಗ್ತೀರಿ?" ಎಂದು ಕೇಳಿದೆ. ಮೊದಲು ಕೈ ಎತ್ತಿದವಳು ಅವಳೇ.

ಇದನ್ನು ಓದುತ್ತಿರುವ ಅಣ್ಣಾ, ಅಕ್ಕಾ, ನಿಮ್ಮ ಬಾಗಿಲ ಸಂದಿಯಲ್ಲೂ ತಿಂಗಳಿಗೊಮ್ಮೆ ಇಂಥದೊಂದು ಹಾಳೆ ಬೀಳುತ್ತದೆ. ಫೋಟೋ ನೋಡಿ ರೇಗಿ ಎಸೆಯಬೇಡಿ, ನನಗಿಂತ ಹೆಚ್ಚು ರೇಗುವವರು ನೀವಲ್ಲ. ಮೊದಲು ತಾರೀಕು ಹುಡುಕಿ, ಗೋಡೆಯ ಮೇಲೆ ಬರೆದಿಡಿ. ಓದು ಬಾರದ ಪಕ್ಕದ ಮನೆಯವರಿಗೆ ಜೋರಾಗಿ ಓದಿ ಹೇಳಿ. ಪತ್ರ ಕೈಗೆ ಸಿಗದಿದ್ದರೆ ವಾರ್ಡ್ ಕಚೇರಿಯ ಬೋರ್ಡು ನೋಡಿ. ಸಭೆಗೆ ಹೋಗಿ, ಆಗದಿದ್ದರೆ ನಾಲ್ಕು ಸಾಲು ಬರೆದು ಕಳಿಸಿ. ಕಾಗುಣಿತ ತಪ್ಪಿದರೂ ಚಿಂತೆಯಿಲ್ಲ, ಬರೆಯುವ ಕಾಗದ ಅಂಗಿಯ ತೋಳಾದರೂ ಆದೀತು. ಆಮೇಲೆ ಆ ಹಾಳೆಯಲ್ಲಿ ಏನು ಬೇಕಾದರೂ ಕತ್ತರಿಸಿಕೊಳ್ಳಿ.

ಕಂಬಿಯ ಮೇಲಿನ ಕೆಂಪು ನಂಬರನ್ನು ನಾನು ಉಜ್ಜಿ ತೆಗೆದೆ. ಒಂದನ್ನು ಮಾತ್ರ ಬಿಟ್ಟಿದ್ದೇನೆ, ಹತ್ತನೇ ಮೆಟ್ಟಿಲಿನದು. ಮೊದಲ ಭಾನುವಾರ ಎಲ್ಲಿ ಕೂರಬೇಕೆಂದು ಹೊಸದಾಗಿ ಬಂದವರಿಗೂ ಗೊತ್ತಾಗಲಿ.