ಎರಡನೇ ಚರಣದ ಕೊನೆಯ ಸಾಲು

ಒಂದೇ ಮನೆಯ ಇಬ್ಬರು ಒಂಬತ್ತು ವರ್ಷ ಮಾತು ಬಿಡಬೇಕಾದರೆ ಅದಕ್ಕೊಂದು ಘನವಾದ ಕಾರಣ ಇರಬೇಕಲ್ಲ. ಆಸ್ತಿ ಇರಬೇಕು, ಇಲ್ಲವೇ ಯಾರಾದರೂ ಯಾರದಾದರೂ ಮದುವೆ ಮುರಿದಿರಬೇಕು. ಈ ಮನೆಯಲ್ಲಿ ಇದ್ದದ್ದು ಬರೀ ಎರಡು ಸೆಕೆಂಡು. ಹೇಳಿದರೆ ಜನ ನಗುತ್ತಾರೆಂದು ಮಗಳು ಯಾರಿಗೂ ಹೇಳುತ್ತಿರಲಿಲ್ಲ.

ಅಪ್ಪ ಹಾಡುಗಾರ. ಅಮ್ಮ ಪಿಯಾನೋ. ಅಪ್ಪನ ತಮ್ಮ, ಅಂದರೆ ಅವಳ ಚಿಕ್ಕಪ್ಪ, ಸ್ಯಾಕ್ಸೊಫೋನ್. ದೊಡ್ಡ ಹೋಟೆಲೊಂದರ ಊಟದ ಹಾಲಿನಲ್ಲಿ ಇಪ್ಪತ್ತು ವರ್ಷ ಪ್ರತಿ ಶನಿವಾರ ಮೂವರೂ ಕಾರ್ಯಕ್ರಮ ಕೊಟ್ಟವರು. ಕೊನೆಯ ಹಾಡು ಯಾವತ್ತೂ ಒಂದೇ. ಬಿಟ್ಟು ಹೋದವಳನ್ನು ಮರಳಿ ಕರೆಯುವ ಹಳೆಯ ಪಾಪ್ ಹಾಡು, ರೇಡಿಯೊ ಕಾಲದಿಂದ ಎಲ್ಲರಿಗೂ ಬಾಯಿಪಾಠವಾದದ್ದು. ಒಂಬತ್ತು ವರ್ಷದ ಹಿಂದೆ ಒಂದು ಶನಿವಾರ, ಆ ಹಾಡಿನ ಎರಡನೇ ಚರಣದ ಕೊನೆಯ ಸಾಲಿನ ನಡುವೆ, ಅಮ್ಮನ ಕೈ ಎರಡು ಸೆಕೆಂಡು ನಿಂತಿತು. ಚಿಕ್ಕಪ್ಪನ ಸ್ಯಾಕ್ಸ್ ತಾಳದ ಲೆಕ್ಕದಂತೆ ಮುಂದೆ ಹೋಯಿತು. ಎರಡೂ ಡಿಕ್ಕಿ ಹೊಡೆದವು. ಊಟ ಮಾಡುತ್ತಿದ್ದವರು ಚಮಚ ಬಿಟ್ಟು ತಲೆ ಎತ್ತಿದರು. ಕಾರ್ಯಕ್ರಮ ಮುಗಿದದ್ದೇ ತಡ, ಅಷ್ಟೂ ಜನರೆದುರು ಚಿಕ್ಕಪ್ಪ ಅಂದುಬಿಟ್ಟ, "ಅತ್ತಿಗೆ, ನಿಮ್ಮ ಕೈಗೆ ವಯಸ್ಸಾಯ್ತು. ತಾಳ ಎಳೀತಿದ್ದೀರಿ."

ಅಮ್ಮ ಪಿಯಾನೋದ ಮುಚ್ಚಳ ಮುಚ್ಚಿದಳು. ಮುಗಿಯಿತು. ಆಮೇಲೆ ಅವನು ಈ ಮನೆಯ ಮೆಟ್ಟಿಲು ಹತ್ತಲಿಲ್ಲ, ಅವಳು ಅವನ ಸುದ್ದಿ ಎತ್ತಲಿಲ್ಲ.

ಮರುವರ್ಷ ಅಪ್ಪನ ಗಂಟಲಿಗೆ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಕತ್ತಿನಲ್ಲೊಂದು ತೂತು, ಅದರ ಮೇಲೊಂದು ತೆಳ್ಳನೆಯ ಬಟ್ಟೆ, ಕೈಯಲ್ಲೊಂದು ಸ್ಲೇಟು. ತಮ್ಮನನ್ನು ವಾರಕ್ಕೊಮ್ಮೆ ಪಾರ್ಕಿನ ಬೆಂಚಿನಲ್ಲಿ ಕಂಡು ಬರುತ್ತಿದ್ದ. ಅವನು ಮಾತಾಡುವುದು, ಇವನು ಬರೆಯುವುದು. ಎಂಟು ವರ್ಷದಲ್ಲಿ ಯಾರನ್ನೂ ಇಂಥದ್ದು ಬೇಕು ಎಂದು ಕೇಳಿದ ಮನುಷ್ಯನಲ್ಲ. ಹೋದ ತಿಂಗಳು ಮಗಳ ಮುಂದೆ ಸ್ಲೇಟು ಹಿಡಿದ. "ನನ್ನ ಹಾಡು ಒಂದು ಸಲ ಕೇಳಬೇಕು. ಅವರಿಬ್ಬರೂ ಕೂತು ಬಾರಿಸಬೇಕು. ಈ ಮನೆಯಲ್ಲೇ."

"ಯಾಕಪ್ಪಾ, ಈಗ ಇದ್ದಕ್ಕಿದ್ದ ಹಾಗೆ?"

ಅಪ್ಪ ಅಂಗಿಯ ತೋಳಿನಿಂದ ಒರೆಸಿ ಮತ್ತೆ ಬರೆದ. "ಅವನಿಗೆ ಐವತ್ತೆಂಟು, ನನಗೆ ಅರವತ್ತೈದು. ಇನ್ನು ಯಾವಾಗ?"

ಕೇಳುವುದಕ್ಕೆ ಸರಿಯಾದವಳನ್ನೇ ಕೇಳಿದ್ದ. ಮಗಳಿಗೆ ಸಂಗೀತದ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಕೆಲಸ. ಗಿರಾಕಿಗಳು ಹಾಡು ಹೇಳುತ್ತಾರೆ, ತಮ್ಮಲ್ಲಿರುವ ವಾದ್ಯ ಹೇಳುತ್ತಾರೆ. ಆ ಹಾಡನ್ನು ಆ ವಾದ್ಯಗಳಿಗೆ ಹೊಂದಿಸಿ ಐದು ಗೆರೆಯ ಕಾಗದದ ಮೇಲೆ ಸ್ವರ ಬರೆದುಕೊಡುವುದು ಅವಳ ಕಸುಬು. ಹನ್ನೊಂದು ವರ್ಷದಲ್ಲಿ ಎಂಥೆಂಥವರಿಗೋ ಬರೆದುಕೊಟ್ಟಿದ್ದಳು. ತನ್ನ ಮನೆಯವರಿಗೆ ಮಾತ್ರ ಎಂದೂ ಬರೆದಿರಲಿಲ್ಲ. ಅಪ್ಪ ಗೊತ್ತುಮಾಡಿದ್ದ ಈ ಒಂದು ಭಾನುವಾರ ಕೆಟ್ಟರೆ ಚಿಕ್ಕಪ್ಪ ಮತ್ತೆಂದೂ ಆ ಬಾಗಿಲು ದಾಟುವುದಿಲ್ಲ, ಅಪ್ಪ ಮತ್ತೆಂದೂ ಕೇಳುವುದಿಲ್ಲ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮೊದಲು ಚಿಕ್ಕಪ್ಪನ ಮನೆಗೆ ಹೋದಳು. ಎರಡು ಬಸ್ಸು ಬದಲಿಸಬೇಕು. ಆತ ಒಂಟಿ, ವಾದ್ಯಗಳ ರಿಪೇರಿ ಮಾಡುತ್ತಾನೆ, ಊಟದ ಮೇಜಿನ ಮೇಲೆ ಊಟವೊಂದು ಬಿಟ್ಟು ಮಿಕ್ಕೆಲ್ಲ ಇರುತ್ತದೆ. ವಿಷಯ ಕೇಳಿ, ಕೈಯಲ್ಲಿದ್ದ ಸ್ಕ್ರೂ ತಿರುಗಿಸುತ್ತಲೇ ಕೇಳಿದ.

"ಅಣ್ಣ ಹಾಡ್ತಿದ್ದ ಸಾಲು ಯಾರು ನುಡಿಸೋದು?"

"ನೀವೇ ಚಿಕ್ಕಪ್ಪ. ಹಾಡಿನ ಜಾಗದಲ್ಲೆಲ್ಲ ಸ್ಯಾಕ್ಸ್."

"ಹಂಗಾದ್ರೆ ಸಣ್ಣ ಸ್ಯಾಕ್ಸ್‌ಗೆ ಬರೀಬೇಡ. ದೊಡ್ಡದಕ್ಕೆ ಬರಿ. ಸಣ್ಣದು ಹೆಣ್ಣುದನಿ. ಅಣ್ಣನ ದನಿ ಇರೋದು ಇದರಲ್ಲಿ." ಮಂಚದ ಕೆಳಗಿನಿಂದ ದೊಡ್ಡ ಪೆಟ್ಟಿಗೆಯೊಂದನ್ನು ಎಳೆದ. ಒಳಗೆ ಟೆನರ್ ಸ್ಯಾಕ್ಸ್, ಥಳಥಳ ಹೊಳೆಯುತ್ತಿತ್ತು. ಅಣ್ಣನ ಆಪರೇಷನ್ ಆದ ವರ್ಷವೇ ಕೊಂಡದ್ದಂತೆ. ಯಾರ ಮುಂದೆಯೂ ನುಡಿಸಿಲ್ಲವಂತೆ. "ಉಸಿರು ಮಾತ್ರ ಕುಡಿಯುತ್ತೆ, ಮುಂಡೇದು," ಅಂದ.

ಅಮ್ಮ ಒಪ್ಪಿದ್ದು ಇನ್ನೂ ಸುಲಭವಾಗಿ. "ನಿಮ್ಮಪ್ಪ ಕೇಳಿದಾರೆ, ಬಾರಿಸ್ತೀನಿ. ಅವನ ಜೊತೆ ಮಾತಾಡು ಅಂತ ಯಾರೂ ಕೇಳಿಲ್ಲವಲ್ಲ," ಎಂದು ಕಡ್ಡಿ ಮುರಿದ ಹಾಗೆ ಹೇಳಿ ಪಾಠಕ್ಕೆ ಬಂದ ಹುಡುಗಿಯರ ಕಡೆ ತಿರುಗಿದಳು.

ಅಬ್ಬಾ, ಇಷ್ಟೇನಾ ಎಂದುಕೊಂಡಳು ಮಗಳು. ತೊಂದರೆ ಶುರುವಾದದ್ದೇ ಅಲ್ಲಿಂದ.

ಬರೆದ ಮೊದಲ ಪ್ರತಿಯಲ್ಲಿ ಅಮ್ಮ ಮುಟ್ಟಿದ್ದು ಒಂದೇ ಜಾಗ. ಎರಡನೇ ಚರಣದ ಕೊನೆಯ ಸಾಲು. ಸಾಲಿನ ನಡುವಿನ ಸ್ವರದ ತಲೆಯ ಮೇಲೆ ಪೆನ್ಸಿಲಿನಿಂದ ಒಂದು ಅರ್ಧಚಂದ್ರ, ಅದರೊಳಗೊಂದು ಚುಕ್ಕಿ. ಇಲ್ಲಿ ನಿಲ್ಲಬೇಕು, ತಾಳ ಕಾಯಬೇಕು ಎಂಬುದಕ್ಕೆ ಆ ಗುರುತು.

"ಇದು ಇರಬೇಕು. ಅವನ ಕಾಗದದಲ್ಲೂ ಇರಬೇಕು."

ಮಗಳು ಅವನ ಪ್ರತಿಯಲ್ಲೂ ಅದನ್ನು ಬರೆದು ಒಯ್ದಳು; ಚಿಕ್ಕಪ್ಪ ನೋಡಿದವನೇ ರಬ್ಬರ್ ತೆಗೆದುಕೊಂಡ. "ಮೂಲ ಹಾಡಲ್ಲಿ ಇದೆಲ್ಲಿದೆ? ಅವತ್ತು ಎಳೆದ ಜಾಗ ಇದೇ. ಇದನ್ನ ಕಾಗದಕ್ಕೆ ಹಾಕಿದ್ರೆ ತಪ್ಪು ನಂದು ಅಂತ ಆಯ್ತಲ್ಲ. ಒಂಬತ್ತು ವರ್ಷ ಆದ್ಮೇಲೂ ಕತ್ತು ಹಿಡಿದು ಒಪ್ಪಿಸ್ತಾರೆ ನಿಮ್ಮಮ್ಮ." ಉಜ್ಜಿ ಊದಿದ.

ಕಾಗದ ಮರಳಿದಾಗ ಅಮ್ಮ ಮತ್ತೆ ಹಾಕಿದಳು. "ಅದಿಲ್ಲದೆ ನಾನು ಕೂರಲ್ಲ."

"ಯಾಕಮ್ಮಾ? ಕಾರಣ ಹೇಳು, ಹೋಗಿ ಹೇಳ್ತೀನಿ."

"ಕಾರಣ ಗೀರಣ ಏನಿಲ್ಲ. ಅಲ್ಲಿ ನಿಲ್ಲಬೇಕು, ಅಷ್ಟೇ."

ಚಿಕ್ಕಪ್ಪ ಮತ್ತೆ ಉಜ್ಜಿದ. ಹದಿನೇಳು ದಿನ ಇದೇ ಕಥೆ. ಬಾಗಿಲು ತೆರೆಯುವಾಗಲೇ "ಬಂದಳು ಅಂಚೆಯಕ್ಕ" ಅನ್ನುವುದು ಅವನಿಗೆ ಅಭ್ಯಾಸವಾಯಿತು. ಚಿಕ್ಕಪ್ಪನ ಪ್ರತಿಯಲ್ಲಿ ಆ ಸ್ವರದ ಮೇಲಿನ ಕಾಗದ ಸವೆದು ಸವೆದು ಬೆಳಕಿಗೆ ಹಿಡಿದರೆ ಆಚೆ ಕಾಣುವಂತಾಯಿತು. ಹೋಗಲಿ, ಕೂಡಿಸಿ ಒಂದು ಸಲ ಅಭ್ಯಾಸವನ್ನಾದರೂ ಮಾಡೋಣವೆಂದರೆ ಇಬ್ಬರದೂ ಒಂದೇ ಉತ್ತರ: ಬೇಡ, ಬೇಕಾಗಿಲ್ಲ, ಹಾಡು ಗೊತ್ತು.

ಮಗಳಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಪಾತ್ರೆ ತೊಳೆಯುವಾಗ ಆ ಸಾಲು ಬಂತೆಂದರೆ ಕೈ ನಿಲ್ಲುತ್ತಿತ್ತು. ನಿಲ್ಲಬೇಕೋ, ಮುಂದೆ ಹೋಗಬೇಕೋ? ಬಸ್ಸಿನ ಕಿಟಕಿಯ ಮೇಲೆ ಬೆರಳು ಕುಟ್ಟುತ್ತಾ ಕೂತಿದ್ದಾಗ ಪಕ್ಕದ ಹೆಂಗಸು ಎದ್ದು ಬೇರೆ ಸೀಟಿಗೆ ಹೋದಳು. ಅಂಗಡಿಯಲ್ಲಿ ಯಾರದೋ ಶಾಲೆಯ ಬ್ಯಾಂಡಿಗೆ ಬರೆದ ಹಾಡನ್ನು ಎರಡು ಸಲ ತಪ್ಪು ಬರೆದು, "ಏನಮ್ಮಾ, ಯಾರ ಮೇಲಾದರೂ ಮನಸ್ಸಾಗಿದೆಯಾ?" ಎಂದು ಯಜಮಾನರಿಂದ ಕೇಳಿಸಿಕೊಂಡಳು. ಹೌದು ಸಾರ್, ಎರಡು ಮುದಿ ಹಟಮಾರಿಗಳ ಮೇಲೆ ಎಂದು ಹೇಳಬೇಕೆನಿಸಿತು, ಹೇಳಲಿಲ್ಲ.

ಶುಕ್ರವಾರ ಸಂಜೆ ತಾಳ್ಮೆ ಕೆಟ್ಟಿತು. ಶುದ್ಧ ಪ್ರತಿ ಮಾಡುವ ಹೊತ್ತು. ಅಮ್ಮನ ಪ್ರತಿಯಲ್ಲಿ ಅರ್ಧಚಂದ್ರವನ್ನು ಶಾಯಿಯಲ್ಲಿ ಬರೆದಳು. ಚಿಕ್ಕಪ್ಪನ ಆ ಸವೆದ ಪ್ರತಿಯಲ್ಲೇ ಉಳಿದ ಸ್ವರಗಳಿಗೆ ಶಾಯಿ ತಿದ್ದಿ, ಆ ಜಾಗವನ್ನು ಖಾಲಿ ಬಿಟ್ಟಳು. ಅಮ್ಮನಿಗೆ, "ಒಪ್ಪಿಕೊಂಡ್ರು," ಅಂದಳು. ಚಿಕ್ಕಪ್ಪನಿಗೂ, "ಒಪ್ಪಿಕೊಂಡಳು," ಅಂದಳು.

ಸಿಕ್ಕಿಬೀಳುವ ಭಯ ಆಗ ಇರಲಿಲ್ಲ. ಸ್ಯಾಕ್ಸ್‌ನ ಕಾಗದ ಬೇರೆ ಶ್ರುತಿಯಲ್ಲಿರುತ್ತದೆ, ಪಿಯಾನೋದ್ದು ಬೇರೆ. ಒಬ್ಬರದನ್ನು ಇನ್ನೊಬ್ಬರು ತೆಗೆದು ನೋಡುವುದಿಲ್ಲ. ಆದರೆ ಕಣ್ಣಿಗೆ ಕಾಣದ್ದು ಕಿವಿಗೆ ಕೇಳುತ್ತದಲ್ಲ. ಅದು ತಲೆಗೆ ಹೊಳೆದದ್ದು ಶನಿವಾರ, ಸ್ನಾನ ಮಾಡುವಾಗ. ಅಮ್ಮ ಅಲ್ಲಿ ನಿಲ್ಲುತ್ತಾಳೆ, ಚಿಕ್ಕಪ್ಪ ಅಲ್ಲಿ ಹೋಗುತ್ತಾನೆ. ಒಂಬತ್ತು ವರ್ಷದ ಹಿಂದಿನ ಅದೇ ಡಿಕ್ಕಿಯನ್ನು ತಾನೇ ಕೂತು, ಅಚ್ಚುಕಟ್ಟಾಗಿ, ಶಾಯಿಯಲ್ಲಿ ಬರೆದುಕೊಟ್ಟಿದ್ದಳು. ಈ ಸಲ ಅಪ್ಪನ ಕಣ್ಣೆದುರು. ಸೋಪಿನ ನೊರೆ ಮೈಮೇಲೆ ಹಾಗೇ ಇತ್ತು, ಅವಳು ಬಕೆಟ್ಟಿನ ಪಕ್ಕ ಕುಕ್ಕರಿಸಿ ತಲೆ ಹಿಡಿದುಕೊಂಡಳು.

ಭಾನುವಾರ ನಾಲ್ಕು ಗಂಟೆಗೆ ಚಿಕ್ಕಪ್ಪ ಬಂದ. ಒಗೆದ ಅಂಗಿ, ಹೊಸದಾಗಿ ಕತ್ತರಿಸಿದ ತಲೆಗೂದಲು. ಬಾಗಿಲು ತೆರೆದದ್ದು ಅಪ್ಪ. ತಮ್ಮನ ಕೈಯಿಂದ ಪೆಟ್ಟಿಗೆಯನ್ನು ಕಿತ್ತುಕೊಂಡು ತಾನೇ ಒಳಗೆ ತಂದ.

"ಬಂದವರಿಗೆ ನೀರು ಕೊಡು," ಎಂದಳು ಅಮ್ಮ, ಮಗಳ ಕಡೆ ನೋಡಿ.

"ನೀರು ಬೇಡ ಅಂತ ಹೇಳಮ್ಮಾ," ಎಂದ ಚಿಕ್ಕಪ್ಪ, ಅವನೂ ಮಗಳ ಕಡೆ ನೋಡಿ.

ಅವಳು ಚಿಕ್ಕಪ್ಪನ ತೋಳು ಹಿಡಿದು, "ಒಂದು ನಿಮಿಷ ಹೊರಗೆ ಬನ್ನಿ, ಹೇಳೋದಿದೆ," ಅಂದಳು. ಆತ ಆಗಲೇ ಸ್ಯಾಕ್ಸ್‌ನ ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡಿದ್ದ. ಅಮ್ಮನ ಬಳಿ ಹೋದರೆ ಅಮ್ಮ ಆಗಲೇ ಸ್ಟೂಲಿನ ಮೇಲಿದ್ದಳು. ಅಪ್ಪ ಇವಳನ್ನು ಕುರ್ಚಿಯೊಂದಕ್ಕೆ ತಳ್ಳಿ, ತುಟಿಯ ಮೇಲೆ ಬೆರಳಿಟ್ಟ. ಮಾತಿಲ್ಲದ ಮನುಷ್ಯನೇ ಸುಮ್ಮನಿರು ಅಂದಮೇಲೆ ಏನು ಮಾಡುವುದು? ಕೂತಳು.

ಅಮ್ಮ ಶುರುಮಾಡಿದಳು. ನಾಲ್ಕು ಎಣಿಕೆಯ ನಂತರ ಚಿಕ್ಕಪ್ಪ ಬಂದು ಕೂಡಿಕೊಂಡ. ಅವನು ಹೇಳಿದ್ದು ನಿಜ, ದನಿ ಅದರಲ್ಲಿ ಇತ್ತು. ತಗ್ಗಿನಲ್ಲಿ ಸ್ವಲ್ಪ ಒರಟು, ಮೇಲೆ ಹೋದಾಗ ಮೆತ್ತಗೆ. ಅಪ್ಪ ಕಣ್ಣು ಮುಚ್ಚಿದ. ತುಟಿಗಳು ಸಾಹಿತ್ಯ ಹೇಳತೊಡಗಿದವು. ನೋಡಲಾರದೆ ಮಗಳು ನೆಲದ ಕಡೆ ನೋಡಿದಳು. ಪಲ್ಲವಿ ಮುಗಿಯಿತು. ಮೊದಲ ಚರಣ. ಮತ್ತೆ ಪಲ್ಲವಿ. ಎರಡನೇ ಚರಣದ ಮೊದಲ ಸಾಲು, ಎರಡನೇ ಸಾಲು. ಅವಳ ಉಗುರು ಕುರ್ಚಿಯ ರೆಕ್ಸಿನ್ ಒಳಗೆ ಇಳಿಯಿತು. ಎದ್ದು ಕಿರುಚಿ ನಿಲ್ಲಿಸಲೇ ಎಂದು ಅರ್ಧ ಎದ್ದಳು ಕೂಡ.

ಕೊನೆಯ ಸಾಲು ಬಂತು.

ಅದು ಉದ್ದದ ಸಾಲು, ಕೆಳಗಿನಿಂದ ಏರಬೇಕು. ಚಿಕ್ಕಪ್ಪನ ಮುಖ ಕೆಂಪಾಗಿತ್ತು. ಕಾಗದ ಹೋಗು ಅನ್ನುತ್ತಿತ್ತು, ಎದೆಯಲ್ಲಿ ಗಾಳಿ ಮುಗಿದಿತ್ತು. ಸಾಲಿನ ನಡುವೆ ದನಿ ಕಡಿಯಿತು. ಅವನ ಭುಜ ಮೇಲೆದ್ದಿತು, ಬಾಯಿ ಉಸಿರು ಎಳೆದುಕೊಂಡಿತು. ಆಗ ಮಗಳು ನೋಡಿದ್ದು ಅಮ್ಮನನ್ನು. ಅಮ್ಮ ಕಾಗದ ನೋಡುತ್ತಿರಲಿಲ್ಲ. ಕತ್ತು ತಿರುಗಿಸಿ ಮೈದುನನ ಭುಜವನ್ನೇ ನೋಡುತ್ತಿದ್ದಳು. ಕೈ ಪಿಯಾನೋದ ಕೀಗಳ ಮೇಲೆ ತೂಗುತ್ತಿತ್ತು. ಒಂದು ಸೆಕೆಂಡು, ಎರಡು ಸೆಕೆಂಡು. ಭುಜ ಇಳಿಯಿತು, ಅವನ ದನಿ ಹೊರಟಿತು, ಅಮ್ಮನ ಕೈಯೂ ಅದರ ಜೊತೆಗೇ ಬಿತ್ತು. ಎಲ್ಲೂ ಡಿಕ್ಕಿಯಾಗಲಿಲ್ಲ.

ಹಾಡು ಮುಗಿಯಿತು. ಚಿಕ್ಕಪ್ಪ ಬಂದು ಪಿಯಾನೋದ ಮೇಲಿನ ಕಾಗದವನ್ನು ತೆಗೆದು ನೋಡಿದ. ಅರ್ಧಚಂದ್ರ ಶಾಯಿಯಲ್ಲಿ ಕಪ್ಪಗೆ ಕೂತಿತ್ತು.

"ತಪ್ಪು ನಂದು ಚಿಕ್ಕಪ್ಪ," ಎಂದು ಮಗಳು ಎದ್ದಳು. "ಇಬ್ಬರಿಗೂ ಸುಳ್ಳು ಹೇಳಿ ಎರಡು ಥರ ಬರೆದೆ."

ಆತ ಅವಳ ಮಾತು ಕೇಳಿಸಿಕೊಂಡಂತೆ ಕಾಣಲಿಲ್ಲ. "ನನ್ನದರಲ್ಲಿ ಇದಿಲ್ಲ," ಅಂದ, ಕಾಗದ ಹಿಡಿದೇ. "ನನಗೆ ಅಲ್ಲಿ ಉಸಿರು ಸಾಲದು ಅಂತ ನಂಗೇ ಗೊತ್ತಿರಲಿಲ್ಲ. ನಿಮಗೆ ಹೇಗೆ ಗೊತ್ತಾಯ್ತು?" ಒಂಬತ್ತು ವರ್ಷದ ಮೇಲೆ ನೇರ ಅತ್ತಿಗೆಗೇ ಹೇಳಿದ ಮೊದಲ ಮಾತು.

"ಭುಜ ನೋಡಿದ್ರೆ ಗೊತ್ತಾಗುತ್ತೆ," ಎಂದಳು ಅಮ್ಮ. ಕೀಗಳ ಮೇಲಿನ ಧೂಳು ಒರೆಸುವವಳಂತೆ ಕೈಯಾಡಿಸಿದಳು. "ನಿಮ್ಮಣ್ಣಂದೂ ಹಾಗೇ ಗೊತ್ತಾಗಿದ್ದು."

ಚಿಕ್ಕಪ್ಪ ಕಾಗದವನ್ನು ಪಿಯಾನೋದ ಮೇಲಿಟ್ಟ. "ಅವತ್ತು... ಅಣ್ಣನಿಗೋಸ್ಕರ ಕಾದ್ರಾ?"

"ಅವತ್ತೊಂದೇ ದಿನ ಅಲ್ಲ. ಅದಕ್ಕೂ ಎರಡು ತಿಂಗಳು ಮೊದಲಿಂದ. ಆ ಸಾಲಲ್ಲಿ ಅವರಿಗೆ ಉಸಿರು ಸಿಗ್ತಿರಲಿಲ್ಲ. ಬೇರೆ ದಿನ ಸ್ವಲ್ಪದರಲ್ಲೇ ಸರಿಹೋಗ್ತಿತ್ತು, ಅವತ್ತು ಜಾಸ್ತಿ ಬೇಕಾಯ್ತು."

"ಹೇಳಬಾರದಿತ್ತಾ ಅತ್ತಿಗೆ? ನಾನು ಅಷ್ಟು ಜನರ ಮುಂದೆ ಬಾಯಿಗೆ ಬಂದ ಹಾಗೆ ಅಂದೆ, ಆಗಲಾದ್ರೂ ಹೇಳಬಾರದಿತ್ತಾ?"

"ಹಾಡೋರು ಪಕ್ಕದಲ್ಲೇ ನಿಂತಿದ್ರು. ಅವರ ಮುಂದೆ ಏನಂತ ಹೇಳ್ಲಿ, ಇವರಿಗೆ ದಮ್ಮಿಲ್ಲ ಅಂತಲಾ?" ಅಮ್ಮ ಕೀಗಳ ಮೇಲಿಂದ ಕೈ ತೆಗೆದಳು. "ನನ್ನ ಕೈಗೇ ವಯಸ್ಸಾಯ್ತು ಅಂತ ಇರಲಿ ಬಿಡು ಅಂದ್ಕೊಂಡೆ. ಆಮೇಲೆ ಆಪರೇಷನ್ ಆಯ್ತು. ಆಮೇಲೆ ಹೇಳಿ ಏನು ಪ್ರಯೋಜನ?"

ಅಪ್ಪ ಎದ್ದು ನಿಂತಿದ್ದ. ಸ್ಲೇಟಿಗೆ ಬಳಪ ಹಚ್ಚಿದ. ಬರೆದದ್ದನ್ನು ಹೆಂಡತಿಯ ಮುಂದೆ ಹಿಡಿದ. "ನನಗೂ ಹೇಳಲಿಲ್ಲ."

"ನಿಮಗೆ ಹೇಳಿದ್ರೆ ಹಾಡೋದು ಬಿಡ್ತಿದ್ರಿ," ಎಂದಳು ಅಮ್ಮ.

ಅಪ್ಪ ಒಪ್ಪಿದ ಹಾಗೆ ತಲೆಯಾಡಿಸಿದ. ಸ್ಟೂಲಿನ ಮೇಲೆ ಅವಳ ಪಕ್ಕದಲ್ಲಿ ಒತ್ತಿಕೊಂಡು ಕೂತು, ಮುಖವನ್ನು ಅಂಗಿಯ ತೋಳಿನಿಂದಲೇ ಒರೆಸಿಕೊಂಡ, ಸ್ಲೇಟು ಒರೆಸುವ ತೋಳು ಅದು. ಕೆನ್ನೆಗೆಲ್ಲ ಸುಣ್ಣ ಬಳಿದಂತಾಯಿತು. ಯಾರೂ ನಗಲಿಲ್ಲ.

"ಅಂಚೆಯಕ್ಕ, ಪೆನ್ಸಿಲ್ ಕೊಡು," ಎಂದ ಚಿಕ್ಕಪ್ಪ.

ತನ್ನ ಪ್ರತಿಯನ್ನು ಪಿಯಾನೋದ ಮುಚ್ಚಳದ ಮೇಲಿಟ್ಟುಕೊಂಡು, ತಾನೇ ಉಜ್ಜಿ ಉಜ್ಜಿ ಸವೆಸಿದ್ದ ಜಾಗದಲ್ಲಿ, ಹರಿಯದಂತೆ ಮೆಲ್ಲಗೆ ಒಂದು ಅರ್ಧಚಂದ್ರ ಬರೆದ. ಒಳಗೆ ಚುಕ್ಕಿ ಇಟ್ಟ. ಬಹಳ ಹೊತ್ತು ಹಿಡಿಯಿತು.

"ಇನ್ನೊಂದ್ಸಲ ಮೊದಲಿಂದ ತಗೊಳೋಣ್ವಾ ಅತ್ತಿಗೆ?"

"ನೀರು ಕುಡಿ ಮೊದಲು," ಎಂದಳು ಅಮ್ಮ, ಅವನ ಕಡೆಗೇ ನೋಡಿ.

ಎರಡನೆಯ ಸಲ ಮಗಳು ನೆಲ ನೋಡಲಿಲ್ಲ. ಎರಡನೇ ಚರಣದ ಕೊನೆಯ ಸಾಲಿನ ನಡುವೆ ಸ್ಯಾಕ್ಸ್ ನಿಂತಿತು, ಪಿಯಾನೋ ನಿಂತಿತು. ಚಿಕ್ಕಪ್ಪನ ಭುಜ ಮೇಲೆದ್ದಿತು, ಅವನ ಜೊತೆಗೇ ಅಪ್ಪನ ಭುಜವೂ ಎದ್ದಿತು. ಅಮ್ಮ ಇಬ್ಬರಿಗೂ ಕಾದಳು.