ಧೂಳಮ್ಮ ಹೇಳಿದ ಹೆಸರು

ನಾನು ಮಹಾರುದ್ರಪ್ಪ, ಹುಮನಾಬಾದಿನ ದವಾಖಾನೆಯಲ್ಲಿ ಕಂಪೌಂಡರ್. ಹದಿನೆಂಟು ವರ್ಷದಿಂದ ‘ಗುಳಿಗಿ ಊಟ ಆದಮ್ಯಾಲ ತಗೊಳ್ರಿ’ ಎಂದು ಬೊಬ್ಬೆ ಹೊಡೆಯುತ್ತಿದ್ದೇನೆ, ಯಾರೂ ಕೇಳುವುದಿಲ್ಲ. ನನ್ನ ಸ್ವಂತ ಅಕ್ಕನೇ ಕೇಳಲಿಲ್ಲ, ಇನ್ನು ಊರವರದೇನು!

ಅಕ್ಕ ಕಸ್ತೂರಿಬಾಯಿ ಇರುವುದು ಬಸವಕಲ್ಯಾಣದಲ್ಲಿ. ೧೯೭೪ರಲ್ಲಿ ಆಕೆಯ ಎದೆಯಲ್ಲಿದ್ದ ಗಂಟು ಕ್ಯಾನ್ಸರ್ ಎಂದು ಸೊಲ್ಲಾಪುರದಲ್ಲಿ ಹೇಳಿದರು. ಕೊಯ್ಯುವ ಹಂತ ದಾಟಿದೆ ಎಂದು ನೋವಿಗೆ ಮಾಮೂಲಿ ಗುಳಿಗೆ ಬರೆದು ಕಳಿಸಿಬಿಟ್ಟರು. ನಾನು ದಿನಾ ಮಂದಿಗೆ ಹಂಚುವ ಅದೇ ಬಿಳಿ ಗುಳಿಗೆ! ಅಕ್ಕ ಅದನ್ನು ಬರೀ ನೀರಿನಲ್ಲಿ ನುಂಗಲಿಲ್ಲ. ಹಳ್ಳಿಖೇಡದ ನಾಟಿ ಔಷಧಿಯ ಮುದುಕಿ ಧೂಳಮ್ಮ ಕೊಡುವ ಸೊಪ್ಪಿನ ಪುಡಿಯನ್ನು ಬಿಸಿನೀರಿಗೆ ಕಲಸಿ, ಅದರಲ್ಲಿ ನುಂಗಿದಳು. ನಾನು ಬಾಯಿಗೆ ಬಂದಂತೆ ಬೈದೆ. ಮೂರು ತಿಂಗಳಲ್ಲಿ ನಿಂಬೆಹಣ್ಣಿನಷ್ಟಿದ್ದ ಗಂಟು ಬಾರೆಹಣ್ಣಿನಷ್ಟಕ್ಕೆ ಕುಗ್ಗಿತು. ಬೈಯುವುದನ್ನು ಬಿಟ್ಟು ಆಕೆಯನ್ನು ನಮ್ಮ ದವಾಖಾನೆಗೆ ಕರೆತಂದೆ.

ನಮ್ಮ ಡಾಕ್ಟರ್ ಗಯಾಸುದ್ದೀನ್ ಸಾಹೇಬರು ಗಂಟನ್ನು ತಾವೇ ಅಳೆದು ಬೆರಗಾದರು. ಬರೀ ಗುಳಿಗೆ ತಿಂದವರಿಗಾಗಲಿ, ಬರೀ ಪುಡಿ ತಿಂದವರಿಗಾಗಲಿ ಹೀಗಾದದ್ದನ್ನು ಅವರು ಕಂಡಿರಲಿಲ್ಲ.

“ಎರಡೂ ಕೂಡಿ ಏನೋ ಮಾಡಾಕತ್ತಾವ, ಮಹಾರುದ್ರಪ್ಪ. ಆದ್ರ ಆಕಿಗಿ ಹೊಟ್ಟಿ ಉರಿ ಶುರು ಆಗ್ಯದ. ಪುಡಿ ಯಾವುದಂತ ಗೊತ್ತಿಲ್ದ ಮುಂದ ತಗೋ ಅಂತ ಹ್ಯಾಂಗ ಹೇಳ್ಲಿ? ಹೆಸರು ಕೇಳ್ಕೊಂಡು ಬಾ.”

ಹೆಸರಿಗಾಗಿ ಮೂರು ಸಲ ಹಳ್ಳಿಖೇಡಕ್ಕೆ ಬಸ್ ಹತ್ತಿದೆ. “ಹೆಸರು ಬಾಯಿಂದ ಹೊರಗ ಬಂದ್ರ ಗುಣ ಹೋಗ್ತದ್ರಿ, ಕಂಪೌಂಡರ್ ಸಾಬ್ರ. ನಮ್ಮತ್ತಿ ಸಾಯೋ ಹೊತ್ತಿನ್ಯಾಗ ನನ್ನ ಕಿವ್ಯಾಗ ಹೇಳ್ಯಾಳ” ಎಂದಳು ಧೂಳಮ್ಮ. ಎರಡನೇ ಸಲ ಚಹಾ ಕುಡಿಸಿ ಅದನ್ನೇ ಹೇಳಿದಳು. ಮೂರನೇ ಸಲ ನನ್ನ ತಲೆ ಕೆಟ್ಟಿತು.

“ಆಯಿ, ನಮ್ಮಕ್ಕ ಸತ್ರ ಆ ಪಾಪ ನಿನ್ನ ತಲಿ ಮ್ಯಾಲ!”

ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡು ಹೆಸರು ಹೇಳಿದಳು. ಥೂ! ನಮ್ಮ ಹಿತ್ತಲ ಬೇಲಿಗೇ ಹಬ್ಬಿರುವ ಬಳ್ಳಿ. “ಇನ್ನ ನಾ ಯಾರಿಗೂ ಪುಡಿ ಕೊಡಂಗಿಲ್ಲ. ನನ್ನ ಕೈಗುಣ ಹೋಯ್ತು” ಎಂದು ಬಾಗಿಲು ಹಾಕಿಕೊಂಡಳು. ಹೋದರೆ ಹೋಗಲಿ, ನನಗೇನು ಎಂದುಕೊಂಡೆ.

ಡಾಕ್ಟರು ಹೆಸರು ಕೇಳಿ ನಕ್ಕರು. ಆ ಬಳ್ಳಿಯಿಂದ ಕೇಡಿಲ್ಲ, ಹೊಟ್ಟೆ ಉರಿ ಗುಳಿಗೆಯದು, ಉಂಡ ಮೇಲೆ ನುಂಗಲಿ, ಎರಡನ್ನೂ ಬಿಡುವುದು ಬೇಡ ಎಂದರು. ನಾನೇ ಎಲೆ ಕಿತ್ತು, ನೆರಳಲ್ಲಿ ಒಣಗಿಸಿ, ಕುಟ್ಟಿ, ಜರಡಿ ಹಿಡಿದು ಬಸವಕಲ್ಯಾಣಕ್ಕೆ ಒಯ್ದೆ.

“ಅಕ್ಕಾ, ಇನ್ನ ಹಳ್ಳಿಖೇಡಕ್ಕ ಹೋಗೋದು ಬ್ಯಾಡ. ಆಯಿ ನನಗ ಹೆಸರು ಹೇಳ್ಯಾಳ!”

ಅಕ್ಕನ ಮುಖ ಬಿಳಿಚಿಕೊಂಡಿತು. “ಯಾಕ ಕೇಳ್ದಿ?” ಎಂದು ಪುಡಿಯನ್ನು ನನ್ನ ಕಡೆಗೆ ಸರಿಸಿದಳು. “ಗುಣ ಹೋದಮ್ಯಾಲ ಇದು ಬರೇ ಸೊಪ್ಪು ತಪ್ಪಲ, ತಮ್ಮಾ. ದನಕ್ಕ ಹಾಕು.”

ಗುಳಿಗೆಯನ್ನಾದರೂ ನುಂಗು ಎಂದೆ. ಬರೀ ಗುಳಿಗೆಯಿಂದ ಯಾರಿಗೂ ಗುಣವಾಗಿಲ್ಲ ಎಂದು ನೀನೇ ಹೇಳಿದ್ದೆಯಲ್ಲ ಎಂದಳು. ಹೌದು, ಡಾಕ್ಟರ ಮಾತನ್ನು ನಾನೇ ಆಕೆಗೆ ಹೇಳಿದ್ದೆ! ವಾದಿಸಿದೆ, ಕಣ್ಣೀರಿಟ್ಟೆ, ಮಾಣಿಕಪ್ರಭುವಿನ ಆಣೆ ಹಾಕಿದೆ. ತಿಂಗಳು ಕಳೆದರೂ ಆಕೆ ಎರಡನ್ನೂ ಮುಟ್ಟಲಿಲ್ಲ. ಗಂಟು ಮತ್ತೆ ಬೆಳೆಯತೊಡಗಿತು.

ಕೊನೆಗೆ ಒಂದು ಸುಳ್ಳು ಹೊಳೆಯಿತು. ಅದೇ ಪುಡಿಯ ಡಬ್ಬಿ ಹಿಡಿದು ಓಡಿದೆ.

“ಅಕ್ಕಾ, ಆಯಿ ನನಗ ಬೇಕಂತ್ಲೇ ಸುಳ್ಳು ಹೆಸರು ಹೇಳಿದ್ಳಂತ! ಖರೇ ಹೆಸರು ಆಕಿ ಹೊಟ್ಟ್ಯಾಗೇ ಅದ. ಗುಣ ಎಲ್ಲೂ ಹೋಗಿಲ್ಲ!”

ಅಕ್ಕ ಎಷ್ಟೋ ದಿನದ ಮೇಲೆ ನಕ್ಕಳು. ತಾನೇ ಬಿಸಿನೀರು ಕಾಯಿಸಿ ತಂದು ನನ್ನ ಎದುರಿಗೆ ಕುಳಿತಳು. ನಾನು ಡಬ್ಬಿ ಬಿಚ್ಚಿದೆ. ಚಾಚಿದ ಕೈಯನ್ನು ಆಕೆ ಅರ್ಧಕ್ಕೇ ನಿಲ್ಲಿಸಿದಳು.

“ಹಂಗಾದ್ರ ತಮ್ಮಾ, ನೀ ಕುಟ್ಟಿ ತಂದಿದ್ದು ಯಾವ ತಪ್ಪಲ?”

ಎಂಥ ದಡ್ಡ ನಾನು! ಹೆಸರು ಸುಳ್ಳಾದರೆ ಆ ಹೆಸರಿನ ಪುಡಿಯೂ ಸುಳ್ಳೇ! ಇದನ್ನು ಆಯಿಯೇ ಕೊಟ್ಟಳು ಅಂದಿದ್ದರೆ ಮುಗಿಯುತ್ತಿತ್ತು. ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅಕ್ಕ ನನ್ನ ಮುಖ ನೋಡಿಯಾಗಿತ್ತು. ಎದ್ದು ಹೋಗಿ ಬಿಸಿನೀರನ್ನು ಬಚ್ಚಲಿಗೆ ಚೆಲ್ಲಿದಳು.