ಬಾಗಿಲಿಗೆ ಅಡ್ಡ ಕೂತ ಹಗಲು

ನನ್ನ ಗಂಡ ದೇವಾನಂದ ಭಂಕೂರಿನ ಖಣಿಯಲ್ಲಿ ಲಾರಿಗೆ ಫರಸಿ ಕಲ್ಲು ಏರಿಸುವಾಗ ಕಾಲು ಜಾರಿ ಅಂಗಾತ ಬಿದ್ದರು. ಹಿಂದಲೆಗೆ ನಾಲ್ಕು ಹೊಲಿಗೆ. ಕಲಬುರಗಿ ದವಾಖಾನೆಯ ಡಾಕ್ಟರ್ ಶ್ರುತಿ ಮಾತ್ರ ಸ್ಕ್ಯಾನ್ ಹಿಡಿದು ಹಣೆಯ ಕಡೆ ಬೆರಳು ತೋರಿಸಿದರು.

"ಬಿದ್ದ ಹೊಡ್ತಕ್ಕ ಮಿದುಳು ಒಳಗೇ ಮುಂದ ಬಡದು ಜಜ್ಜ್ಯಾದ, ಎರಡೂ ಬಾಜೂ. ಮಾತಾಡ್ಲಿಕತ್ತಾರಂತ ಮೈಮರೀಬ್ಯಾಡ್ರಿ. ಬಾವು ಇನ್ನಾ ಏರಬಹುದು. ಒಂದು ವಾರ ಇಲ್ಲೇ ಇರ್ಲಿ."

"ಆಮ್ಯಾಲ ಮೊದಲಿನಂಗ ಆಗ್ತಾರೇನ್ರಿ?"

"ಈಗೇ ಹೇಳಾಕ ಬರಲ್ರಿ."

ಹಿಂದಕ್ಕೆ ಬಿದ್ದವರಿಗೆ ಮುಂದೆ ಹೇಗೆ ಜಜ್ಜುತ್ತದೆ? ನಮ್ಮತ್ತೆ ಹಣಮವ್ವನಿಗೆ ಅದು ತಲೆಗೇ ಹತ್ತಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಹತ್ತಲಿಲ್ಲ. ಹೊಲಿಗೆ ಒಣಗುತ್ತಿತ್ತು, ನಮಗೆ ಅಷ್ಟು ಸಾಕಾಗಿತ್ತು.

ನಮ್ಮ ಮಂದಿಗೆ ಒಂದೇ ಪರೀಕ್ಷೆ ಗೊತ್ತು. ಬಂದವರೆಲ್ಲ ಮಂಚದ ಮೇಲೆ ಬಗ್ಗಿ, "ನಾ ಯಾರು ಹೇಳು?" ಎನ್ನುವುದು. ಇವರು ಒಬ್ಬರ ಹೆಸರೂ ತಪ್ಪಲಿಲ್ಲ. ನೆರೆಮನೆ ಲಾಲಮ್ಮನಿಗೆ ಅವಳ ಸತ್ತ ಎಮ್ಮೆಯ ಹೆಸರನ್ನೂ ಹೇಳಿ ನಗಿಸಿದರು. ನಮ್ಮ ಕಣ್ಣಲ್ಲಿ ಪಾಸಾದರು. ನಾಲ್ಕನೇ ದಿನ ಸಲಾಯಿನ್ ಕಿತ್ತುಕೊಂಡು, ಮನೆಗೆ ನಡಿ ಎಂದು ಕೂಗಾಡಿದರು.

"ಈ ಸಿಟ್ಟೂ ಬಾವಿಂದೇ ಆದ್ರಿ," ಎಂದರು ಡಾಕ್ಟರ್.

ಡಾಕ್ಟರಿಗೆ ನನ್ನ ಗಂಡನ ಸಿಟ್ಟು ಏನು ಗೊತ್ತು ಎಂದುಕೊಂಡು, ನಮ್ಮ ಜವಾಬ್ದಾರಿ ಎಂಬ ಕಾಗದಕ್ಕೆ ನಾನೇ ಸಹಿ ಹಾಕಿದೆ. "ತಾಸಿಗೊಮ್ಮಿ ಎಬ್ಬಿಸಿ ಮಾತಾಡಸ್ರಿ," ಎಂದು ಅವರು ಹೇಳಿದ್ದನ್ನು ಇವರ ಜೊತೆ ಕೆಲಸ ಮಾಡುವ ಸಿರಾಜುದ್ದೀನಣ್ಣನೂ ಕೇಳಿಸಿಕೊಂಡಿದ್ದರು.

ಮನೆಯಲ್ಲೂ ಪರೀಕ್ಷೆ ನಿಲ್ಲಲಿಲ್ಲ. ಅರ್ಧ ಭಂಕೂರು ಬಂದು ಹೆಸರು ಹೇಳಿಸಿಕೊಂಡು ಹೋಯಿತು. ಮರುದಿನ ಬೆಳಿಗ್ಗೆ ಎಂಟಕ್ಕೆ ಇವರು ತಲೆ ಜಡವಾಗಿದೆ ಎಂದು ಮಲಗಿದರು. ಗೊರಕೆ ಕೇಳಿ ನನಗೆ ಸಂತೋಷವಾಯಿತು. ಸೆರಗು ಸಿಕ್ಕಿಸಿ ಬಾಗಿಲಿಗೆ ಅಡ್ಡ ಕೂತೆ. ಲಾಲಮ್ಮನನ್ನು ಹೊಸ್ತಿಲಿನಿಂದಲೇ ಕಳಿಸಿದೆ. ಮುಖ ಊದಿಸಿಕೊಂಡು ಹೋದಳು. ಹೋಗಲಿ ಅಂದುಕೊಂಡೆ.

ಮಧ್ಯಾಹ್ನ ಸಿರಾಜಣ್ಣ ಬಂದರು.

"ವೈನಿ, ಒಂದ್ಸಲ ಎಬ್ಬಸ್ರಿ. ಡಾಕ್ಟರ್ ಏನಂದಿದ್ರು?"

"ಐದು ದಿನದಾಗ ಅವರಿಗೆ ಕಣ್ಣು ಮುಚ್ಚಗೊಟ್ಟೀರೇನು ನೀವ್ಯಾರರ? ಸಂಜೀಕ ಬರ್ರಿ."

ಅವರು ಚಪ್ಪಲಿ ಮೆಟ್ಟಿಕೊಂಡು ಹೋದರು. ಒಳಗೆ ಗೊರಕೆ ಜೋರಾಗಿತ್ತು. ದಣಿವು ಇಳಿಯುತ್ತಿದೆ ಎಂದು ನಾನು ನಂಬಿದೆ.

ನಾಲ್ಕಕ್ಕೆ ಗಂಜಿ ಒಯ್ದು ಕರೆದೆ, ಅಲುಗಾಡಿಸಿದೆ, ಕೆನ್ನೆಗೆ ಹೊಡೆದೆ. ಏಳಲಿಲ್ಲ. ರೆಪ್ಪೆ ಎತ್ತಿದರೆ ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿತ್ತು.

"ಎಷ್ಟೊತ್ತಾತು ಹಿಂಗ ಮಲಗಿ?" ಮತ್ತೆ ದವಾಖಾನೆಗೆ ಒಯ್ದಾಗ ಡಾಕ್ಟರ್ ಶ್ರುತಿ ಕೇಳಿದರು.

"ಮುಂಜಾನಿ ಎಂಟಕ್ಕ."

"ಯಾರೂ ಎಬ್ಬಸ್ಲಿಲ್ಲೇನು?"

"ಎಬ್ಬಸ್ಲಾಕ ಬಂದಿದ್ರು. ನಾನೇ ಬಿಡ್ಲಿಲ್ಲ."

ಅವರು ನನ್ನನ್ನು ಬೈಯಲಿಲ್ಲ, ಸ್ಟ್ರೆಚರ್ ಹಿಂದೆ ಓಡಿದರು. ತಲೆಬುರುಡೆ ತೆರೆದು ರಕ್ತ ತೆಗೆದರು. ಮೂರನೇ ದಿನ ಇವರು ಹೋದರು.

ಈಗ ಮನೆ ತುಂಬ ಮಂದಿ. ಅತ್ತೆ ಬಂದವರಿಗೆಲ್ಲ ಅಳುತ್ತಾ ಹೇಳುತ್ತಾಳೆ: "ಕಡೀ ದಿನ ಒಂದು ನೊಣ ಸುಳಿಗೊಡ್ಲಿಲ್ಲ ನನ್ನ ಸೊಸಿ. ನನ್ನ ಮಗ ನಿಶ್ಚಿಂತಿ ಮಲಗಿದ್ದ."

ಗೋಡೆಗೆ ಒರಗಿ ಕೂತಿದ್ದ ಸಿರಾಜಣ್ಣನ ಮುಖ ನೋಡಿದೆ. ಹೇಳಿಬಿಡಲಿ, ಎಲ್ಲರೆದುರು ಒಮ್ಮೆ ಹೇಳಿಬಿಡಲಿ ಎಂದು ಕಾದೆ.

"ಖರೇ ಆದ ಯವ್ವಾ," ಎಂದರು ಅವರು ತಲೆ ತಗ್ಗಿಸಿ. "ವೈನಿ ಭಾಳ ಚಂದ ನೋಡ್ಕೊಂಡ್ರು."